ಸ್ಮಾರ್ಟ್ ನಾಗರಿಕನ ಮನೆಮನೆ ಹೇಳಿಕೆ

ಸಭೆಯ ಹೊತ್ತಿಗೆ ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದರೆ ನೆಟ್‌ವರ್ಕ್ ಹೋಗಬಹುದಿತ್ತು. ಎರಡೂ ಇದ್ದರೆ ಮೊಬೈಲು ಸ್ಟ್ಯಾಂಡಿನಿಂದ ಜಾರಿ ನೇರ ಅವಲಕ್ಕಿಯ ಪಾತ್ರೆಗೆ ಬೀಳಬಹುದಿತ್ತು. ವಾರ್ಡಿನ ಸದಸ್ಯರು ಬಾರದೇ ಇರಬಹುದಿತ್ತು. ಬಂದರೆ, ಭಾಷಣ ನಿಲ್ಲಿಸದೇ ಇರಬಹುದಿತ್ತು. ಆಲಂಕಾರಿನಿಂದ ಬಂದಿದ್ದ ನನ್ನ ಭಾವ, ನಾಲ್ಕು ಜನ ಸಿಕ್ಕಿದರೆಂಬ ಖುಷಿಯಲ್ಲಿ ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಉಪನ್ಯಾಸ ಕೊಡಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ನನ್ನ ನಾಲಗೆ ಒಣಗಿ ನಾನು ಬುಟ್ಟಿಗೆ ಬಿದ್ದ ಬಂಗುಡೆ ಮೀನಿನ ಹಾಗೆ ಬಾಯಿ ಬಿಡಬಹುದಿತ್ತು.

ಇವೆಲ್ಲಕ್ಕೂ ನಾನು ಮೊದಲೇ ಪರಿಹಾರ ಮಾಡಿಟ್ಟಿದ್ದೆ. ಪುತ್ತೂರಿನಲ್ಲಿ ಪಂಪುಸೆಟ್ಟಿನ ಬಿಡಿಭಾಗಗಳ ಅಂಗಡಿ ನನ್ನದು. ಯಾವುದು ಯಾವಾಗ ಕೆಡುತ್ತದೆ ಎಂಬ ಚಿಂತೆಯಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ!

ಸಂಗತಿ ಶುರುವಾದದ್ದು ಪಕ್ಕದ ಮನೆಯ ಲಲಿತಕ್ಕ ಬಿದ್ದಲ್ಲಿಂದ. ಅವರು ದಿನಾ ಸಂಜೆ ಭಜನಾ ಮಂದಿರಕ್ಕೆ ಹೋಗುವವರು. ನಮ್ಮ ಓಣಿಯ ತಿರುವಿನಲ್ಲಿ ದೀಪ ಇಲ್ಲ, ಚರಂಡಿ ಉಂಟು. ಲಲಿತಕ್ಕ ಕೈ ಮುರಿದುಕೊಂಡರು. ಪ್ಲಾಸ್ಟರ್ ಹಾಕಿಸಿಕೊಂಡು ಬಂದವರೇ, "ಇನ್ನು ಕತ್ತಲೆಯಲ್ಲಿ ಹೊರಗೆ ಕಾಲಿಡುದಿಲ್ಲಪ್ಪ. ದೇವರು ಬೇಕಾದರೆ ಇಲ್ಲಿಗೇ ಬರಲಿ" ಎಂದುಬಿಟ್ಟರು. ಭಜನೆ ತಪ್ಪಿದ ಲಲಿತಕ್ಕನ ಮುಖ ನೋಡಲಾಗುತ್ತಿರಲಿಲ್ಲ.

ಅದೇ ಹೊತ್ತಿಗೆ ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡಿತು. 'ಸ್ಮಾರ್ಟ್ ಸಿಟಿಗೆ ಸ್ಮಾರ್ಟ್ ನಾಗರಿಕರು: ಉಚಿತ ಆನ್‌ಲೈನ್ ಕೋರ್ಸ್.' ಊರಿನ ಸಮಸ್ಯೆಯನ್ನು ಜನರೇ ಸೇರಿ ಪರಿಹರಿಸುವುದು ಹೇಗೆಂದು ಕಲಿಸುತ್ತಾರಂತೆ. ನಾನು ಸೇರಿಯೇಬಿಟ್ಟೆ.

"ಅಲ್ಲ ಮಾರಾಯ್ರೆ, ಸ್ಮಾರ್ಟ್ ಸಿಟಿ ಇರುದು ಮಂಗಳೂರಲ್ಲಿ ಅಲ್ವಾ?" ಎಂದಳು ಹೆಂಡತಿ ಶ್ಯಾಮಲ. "ನೀವು ಬಸ್ಸಲ್ಲಿ ಹೋಗಿ ನಾಗರಿಕ ಆಗಿ, ರಾತ್ರಿ ಊಟಕ್ಕೆ ಬರುದಾ?"

"ಇದೆಲ್ಲ ಮನೋಭಾವದ ಪ್ರಶ್ನೆ" ಎಂದೆ. ಮೊದಲ ಪಾಠದಲ್ಲೇ ಅದನ್ನು ಹೇಳಿದ್ದರು.

ಕೋರ್ಸಿನ ಕೊನೆಗೆ ಒಂದು ಪರೀಕ್ಷೆ. ನೆರೆಹೊರೆಯವರ ಸಭೆ ಕರೆಯಬೇಕು. ಪಾಠ ಮಾಡುವ ಮೇಡಂ ಅದನ್ನು ಆನ್‌ಲೈನಿನಲ್ಲಿ ನೋಡುತ್ತಾರೆ. ನನ್ನ ವಿಷಯ ಸಿದ್ಧವಿತ್ತು: ತಿರುವಿಗೊಂದು ಬೀದಿದೀಪ! ಪಾಠದಲ್ಲಿ ಹೇಳಿದ ಹಾಗೆಯೇ ಓಣಿಯ ವಾಟ್ಸಾಪ್ ಗುಂಪಿಗೆ ಆಮಂತ್ರಣ ಕಳಿಸಿದೆ. ಹೆಬ್ಬೆರಳುಗಳು ಬಂದವು, ಕೈಮುಗಿದ ಚಿತ್ರಗಳು ಬಂದವು, ಯಾರೋ ಒಬ್ಬರು ನನಗೆ ಹುಟ್ಟುಹಬ್ಬದ ಶುಭಾಶಯವನ್ನೂ ಹೇಳಿದರು. ಸಭೆಯ ದಿನ ಒಂದು ನರಪಿಳ್ಳೆಯೂ ಬರಲಿಲ್ಲ.

"ಮೊಬೈಲಲ್ಲಿ ಹಾಕಿದರೆ ಯಾರು ಬರ್ತಾರೆ?" ಎಂದಳು ಶ್ಯಾಮಲ. "ಮನೆಗೆ ಹೋಗಿ ಹೇಳಿಕೆ ಮಾಡ್ಬೇಕು. ಮದುವೆಗಾದರೆ ಮೊಬೈಲಲ್ಲೇ ಕರೀತೀರಾ?"

ಸರಿ. ಮೇಡಮ್ಮನನ್ನು ಕಾಡಿ ಬೇಡಿ ಇನ್ನೊಂದು ದಿನ ಪಡೆದೆ. ಬಿಳಿ ಪಂಚೆ ಉಟ್ಟು, ಓಣಿಯ ಆ ತುದಿಯಿಂದ ಮನೆಮನೆ ಹತ್ತಿ ಇಳಿದೆ. "ಭಾನುವಾರ ನಮ್ಮಲ್ಲಿಗೆ ಬರಬೇಕು" ಎಂದು ಕೈಮುಗಿದೆ. ಪ್ರತಿ ಮನೆಯಲ್ಲೂ ಬೆಲ್ಲ ನೀರು ಕೊಟ್ಟರು. ಪ್ರತಿ ಮನೆಯಲ್ಲೂ ಕೇಳಿದರು, "ಎಂತ ವಿಶೇಷ?" ನಾನು "ನಾಗರಿಕ ಸಹಭಾಗಿತ್ವ" ಎಂದೆ. ಅವರು ಹಿಂದಿನ ಕೋಣೆಗೆ ತಿರುಗಿ, "ಇವರ ಮಗಳಿಗೆ ನಿಶ್ಚಯ ಆಯ್ತಂತೆ" ಎಂದರು!

ಭಾನುವಾರ ಇಡೀ ಓಣಿ ರೇಷ್ಮೆ ಸೀರೆಯಲ್ಲಿ ಬಂತು. ಕಾಲೇಜಿಗೆ ಹೋಗುವ ನನ್ನ ಮಗಳು, "ಹುಡುಗ ಎಲ್ಲಿ?" ಎಂಬ ಪ್ರಶ್ನೆ ಕೇಳಿ ಕೇಳಿ ಅಟ್ಟ ಹತ್ತಿ ಕೂತಳು. ಶ್ಯಾಮಲ ನನ್ನ ಮುಖವನ್ನೂ ನೋಡದೆ ಗೋಳಿಬಜೆ ಕರಿದಳು. ಕುರ್ಚಿ ಸಾಲದೆ ಭಾವ ಲಲಿತಕ್ಕನ ಮನೆಯಿಂದ ಹೊತ್ತು ತಂದ.

ಆದರೆ ಸಭೆ? ಅದ್ಭುತ! ಕರೆಂಟು ಇತ್ತು. ಮೇಡಂ ಪರದೆಯ ಮೇಲೆ ಸ್ಪಷ್ಟವಾಗಿ ನಗುತ್ತಿದ್ದರು. ಭಾವನ ಬಾಯಿಯಲ್ಲಿ ಗೋಳಿಬಜೆ ಇದ್ದುದರಿಂದ ಎಲೆಚುಕ್ಕಿ ರೋಗ ಹೊರಗೆ ಬರಲಿಲ್ಲ. ನಾನಂತೂ ತಡವರಿಸದೆ ಮಾತಾಡಿದೆ. ವಾರ್ಡಿನ ಸದಸ್ಯರು ತಲೆದೂಗಿದರು.

"ನ್ಯಾಯವಾದ ಬೇಡಿಕೆ. ಬಿದ್ದವರ ಬಾಯಿಂದಲೇ ಒಂದು ಮಾತು ಕೇಳ್ವ. ಇಲ್ಲಿಂದಲೇ ಎಂಜಿನಿಯರಿಗೆ ಫೋನು ಮಾಡ್ತೇನೆ. ಎಲ್ಲಿ ಅವರು?"

"ಹೌದು, ಅವರನ್ನು ತೋರಿಸಿ" ಎಂದರು ಪರದೆಯ ಮೇಡಂ.

ಎಲ್ಲರೂ ಹಿಂದೆ ನೋಡಿದರು. ನಾನೂ ನೋಡಿದೆ. ಲಲಿತಕ್ಕ ಇರಲಿಲ್ಲ.

ಬೇಲಿ ದಾಟಿ ಓಡಿದೆ. ಲಲಿತಕ್ಕ ಇಸ್ತ್ರಿ ಹಾಕಿದ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟು ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದರು. ಕೂರಲು ಕುರ್ಚಿ ಇರಲಿಲ್ಲವಲ್ಲ!

"ಲಲಿತಕ್ಕ, ಬನ್ನಿ ಬನ್ನಿ! ಎಲ್ಲರೂ ಕಾಯ್ತಾ ಇದ್ದಾರೆ!"

"ಎಲ್ಲಿಗೆ?"

"ನಮ್ಮ ಮನೆಗೆ! ಸಭೆಗೆ!"

"ಓ, ಸಭೆ ಉಂಟಾ?" ಎಂದರು ಲಲಿತಕ್ಕ, ಬಹಳ ಮೃದುವಾಗಿ. "ಕುರ್ಚಿಗಳಿಗೆ ಹೇಳಿಕೆ ಆಗಿತ್ತು, ಹೋದವು. ನನಗೆ ಯಾರೂ ಹೇಳಲಿಲ್ಲ."

ದಿನಕ್ಕೆ ಹತ್ತು ಸಲ ಬೇಲಿಯಾಚೆಯಿಂದ ಮಾತಾಡುವ ಮನುಷ್ಯರು. ಅವರಿಗೆ ಪ್ರತ್ಯೇಕ ಹೇಳಿಕೆ ಬೇಕೆಂದು ನನಗೆ ಹೊಳೆದೇ ಇರಲಿಲ್ಲ!

"ನೀವು ಮನೆಯವರೇ ಅಲ್ವಾ ಲಲಿತಕ್ಕ?"

"ಮನೆಯವರಿಗಾದರೆ ಮೊದಲು ಹೇಳ್ತಾರೆ ಮಾರಾಯ್ರೆ. ಬೆಳಗ್ಗೆಯಿಂದ ಹೊರಟು ಕೂತಿದ್ದೇನೆ. ಈಗ ಬಂದೀರಿ, ಮತ್ತೆ ಬಂದೀರಿ ಅಂತ. ಹೇಳಿಕೆ ಇಲ್ಲದೆ ನುಗ್ಗಿದರೆ ಜನ ಎಂತ ಹೇಳ್ತಾರೆ? ಗೋಳಿಬಜೆ ಪರಿಮಳಕ್ಕೆ ಬಂದಳು ಅಂತ."

ಅಂಗಳದಲ್ಲಿ ನಿಂತು ಕೈಮುಗಿದು, ವಿಧಿವತ್ತಾಗಿ ಹೇಳಿಕೆ ಮಾಡಿದೆ. ಅವರು ಎದ್ದರು. ಒಳಗೆ ಹೋಗಿ ನನಗೆ ಬೆಲ್ಲ ನೀರು ತಂದರು, ಅದನ್ನು ಕುಡಿಯದೆ ಬಿಡಲಿಲ್ಲ. ಕಿಟಕಿ ಮುಚ್ಚಿದರು. ಒಂದೇ ಕೈಯಲ್ಲಿ ಬೀಗ ಹಾಕಿದರು. ಸಹಾಯಕ್ಕೆ ಹೋದರೆ ಗದರಿದರು.

ನಾವು ಮನೆ ಮುಟ್ಟುವಾಗ ಸದಸ್ಯರು ಸುಳ್ಯದ ಯಾವುದೋ ಮದುವೆಗೆ ತಡವಾಯಿತೆಂದು ಹೊರಟುಹೋಗಿದ್ದರು. "ಇನ್ನೊಮ್ಮೆ ಕರೆಯಲಿ, ಖಂಡಿತ ಬರ್ತೇನೆ" ಎಂದಿದ್ದರಂತೆ. ಕ್ಲಾಸಿನ ಸಮಯ ಮುಗಿದು ಪರದೆ ಕಪ್ಪಾಗಿತ್ತು. ಸ್ವಲ್ಪ ಹೊತ್ತಿಗೆ ಮೇಡಮ್ಮನ ಸಂದೇಶ ಬಂತು: 'ವ್ಯವಸ್ಥೆ ಉತ್ತಮ. ಆದರೆ ತೊಂದರೆಗೊಳಗಾದ ನಾಗರಿಕರನ್ನು ಆಹ್ವಾನಿಸಲು ಮರೆತಿದ್ದೀರಿ.'

ಅಷ್ಟೆ. ಕೆಟ್ಟದ್ದು ಅದೊಂದೇ.

ಇನ್ನೊಂದು ಸಭೆ ಆಗುವವರೆಗೆ ದಿನಾ ಸಂಜೆ ಟಾರ್ಚು ಹಿಡಿದು ನಾನೇ ಲಲಿತಕ್ಕನನ್ನು ಮಂದಿರಕ್ಕೆ ಬಿಟ್ಟು ಬರುತ್ತಿದ್ದೇನೆ. ಮೊನ್ನೆ ತಿರುವಿನಲ್ಲಿ ಆಚೆಮನೆಯವರು ಎದುರಾಗಿ, "ಎಂತ ಲಲಿತಕ್ಕ, ಬೀದಿದೀಪ ಬಂತಾ?" ಎಂದು ಕೇಳಿದರು.

ಲಲಿತಕ್ಕ ನನ್ನ ಕಡೆಗೊಮ್ಮೆ ನೋಡಿದರು.

"ಬಂತು, ಬಂತು. ನಡ್ಕೊಂಡೇ ಬರ್ತದೆ. ಬೆಳಕು ಮಾತ್ರ ಸ್ವಲ್ಪ ಕಡಿಮೆ."