ಸುತ್ತಿ ಒಯ್ದ ಹಡಗು

ಮೌರಿತಾನಿಯದ ಉಮ್ ಮರ್ಸಾ ಬಂದರಿನಲ್ಲಿ ಒಡೆದ ಹಡಗು ಒಂದೂ ಇಲ್ಲ. ಇದು ಬಂದರು ಕಚೇರಿಯ ಅಧಿಕೃತ ನಿಲುವು. ಮರಳಿನಲ್ಲಿ ಮೂತಿ ಹೂತುಕೊಂಡು, ಹೊಟ್ಟೆ ಬಿರಿದು, ತುಕ್ಕು ಉದುರಿಸುತ್ತ ಮಲಗಿದ ಹಡಗುಗಳು ದಡದಲ್ಲಿ ನಿಂತವರಿಗೆ ಸಾಲಾಗಿ ಕಾಣುವುದು ನಿಜ. ಆದರೆ ಅವು ಒಡೆದವಲ್ಲ, 'ವಿಶ್ರಾಂತಿಯಲ್ಲಿರುವ ನೌಕೆಗಳು'. ವಿಶ್ರಾಂತಿಯಲ್ಲಿರುವ ನೌಕೆ ಲಂಗರು ಶುಲ್ಕ ಕೊಡಬೇಕು, ಒಡೆದದ್ದು ಕೊಡಬೇಕಾಗಿಲ್ಲ. ಈವರೆಗೆ ಯಾವ ಹಡಗೂ ಆ ಶುಲ್ಕ ಕೊಟ್ಟಿಲ್ಲ. ಎಂದಾದರೂ ಕೊಟ್ಟೀತೆಂಬ ಭರವಸೆಯ ಮೇಲೆ ಬಂದರು ನಿರ್ದೇಶಕರಿಗೆ ಒಂದು ಕಾರು ಮಾತ್ರ ಬಂದಿತ್ತು.

ಈ ನಿಲುವಿನ ಬಗ್ಗೆ ತೆಕ್ಬರಳಿಗೆ ಯಾವ ತಕರಾರೂ ಇರಲಿಲ್ಲ. ಅವಳು ಊರಿನ ಏಕೈಕ ಫೋಟೋ ಸ್ಟುಡಿಯೋದ ಒಡತಿ. ಹಡಗಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಮದುವೆಯನ್ನು ಆ ಊರಿನವರು ಮದುವೆಯೆಂದು ಒಪ್ಪುತ್ತಿರಲಿಲ್ಲ. ದಡಕ್ಕೆ ಹೋದರೆ ಗಾಳಿ ಮದುಮಗಳು ಮೈತುಂಬ ಸುತ್ತಿಕೊಂಡ ಮಲ್ಹಫಾದ ಸೆರಗನ್ನು ತಂದು ಮದುಮಗನ ಮುಖಕ್ಕೆ ಸುತ್ತುತ್ತಿತ್ತು. ಅದಕ್ಕೇ ತೆಕ್ಬರ್ ಒಂದು ಹಳೆಯ ಹಾಯಿಬಟ್ಟೆ ತಂದು, ಮೀನುಗಾರರು ದೋಣಿಗೆ ಬಳಿದು ಉಳಿಸಿದ ಬಣ್ಣದಲ್ಲಿ, ದಡಕ್ಕೆ ಎಲ್ಲಕ್ಕಿಂತ ಹತ್ತಿರ ಮಲಗಿದ್ದ 'ಸಬಾಹ್' ಹಡಗನ್ನು ಗೋಡೆಯಗಲ ಬರೆದು ತೂಗುಹಾಕಿದ್ದಳು. ಮಂಗಳಕಾರ್ಯಕ್ಕೆ ತುಕ್ಕು ಯಾಕೆಂದು ಅದನ್ನು ಬಿಟ್ಟಳು. ಕಿಟಕಿಗಳನ್ನು ಧಾರಾಳವಾಗಿ ಹಾಕಿದಳು. ಒಂಟೆ ವ್ಯಾಪಾರಿಯೊಬ್ಬ ಮಗಳ ಮದುವೆಗೆಂದು ಆಸೆಪಟ್ಟು ಕೇಳಿದ್ದಕ್ಕೆ ಡೆಕ್ಕಿನ ಮೇಲೆ ಒಂದು ಒಂಟೆಯನ್ನೂ ನಿಲ್ಲಿಸಿದಳು. ಆ ಪರದೆಯೇ ಅವಳ ಅನ್ನ.

ನಿಜವಾದ 'ಸಬಾಹ್' ಮೇಲೆ ಒಂಟೆ ಇರಲಿಲ್ಲ, ರಗಬ್ ಇದ್ದ. ಈಜಿಪ್ಟಿನ ದಮಿಯೆತ್ತಾ ಕಡೆಯವನು, ಹಡಗಿನ ಅಡುಗೆಯವನು. ಹಡಗು ಮರಳಿಗೆ ಹತ್ತಿದ ದಿನ ಕಪ್ತಾನ ಸಿಗರೇಟು ತರುತ್ತೇನೆಂದು ಇಳಿದು ಹೋದ. ಅವನನ್ನು ಹುಡುಕಿ ತರುತ್ತೇವೆಂದು ಉಳಿದವರು ಹೋದರು. ನ್ಯಾಯಾಲಯದ ಅಧಿಕಾರಿ ಹಡಗು ಹತ್ತಿದಾಗ ಈರುಳ್ಳಿ ಸುಲಿಯುತ್ತ ಕೂತಿದ್ದವನು ಇವನೊಬ್ಬನೇ. ಕೂತಲ್ಲೇ ಅವನನ್ನು ಕಾನೂನುಬದ್ಧ ಕಾವಲುಗಾರನೆಂದು ನೇಮಿಸಿ ಸಹಿ ಹಾಕಿಸಿಕೊಂಡರು. ಹಡಗು ಮತ್ತೆ ಹೊರಡುವ ತನಕ, ಇಲ್ಲವೇ ಒಡೆದಿದೆಯೆಂದು ಘೋಷಣೆಯಾಗುವ ತನಕ, ಕಾವಲುಗಾರ ಅದನ್ನು ಬಿಟ್ಟು ಅಗಲತಕ್ಕದ್ದಲ್ಲ.

ತೆಕ್ಬರ್ ಆಗಾಗ ಮೀನುಗಾರರ ದೋಣಿಯಲ್ಲಿ ಅವನಿಗೆ ಹಿಟ್ಟು, ಒಣಮೀನು, ಚಹಾ ಸೊಪ್ಪು ಒಯ್ದು ಕೊಡುತ್ತಿದ್ದಳು. ಅಂದು ರಗಬ್ ಚೀಲವನ್ನು ಬಿಚ್ಚಿಯೂ ನೋಡಲಿಲ್ಲ.

"ಅಕ್ಕಾ, ನನ್ನ ಮಗಳು ಇನ್ಸಾಫ್‌ಳ ಮದುವೆ ಕೈತಪ್ಪೋ ಹಾಗಿದೆ. ಹುಡುಗನ ಕಡೆಯವರು ಏನಂತಾರೆ ಗೊತ್ತಾ? 'ಅಪ್ಪ ಬದುಕಿದ್ರೆ ಬಂದು ಕೂರ್ಲಿ, ಸತ್ತಿದ್ರೆ ಕಾಗದ ತೋರ್ಸಿ' ಅಂತಾರೆ. ನಾನು ಎರಡೂ ಅಲ್ಲ, ವಿಶ್ರಾಂತೀಲಿದೀನಿ ಅಂತ ಹೇಳಿ ಕಳಿಸ್ಲಾ?"

"ಎಷ್ಟರೊಳಗೆ ಬರ್ಬೇಕಂತೆ?"

"ರಮದಾನ್ ಹಬ್ಬಕ್ಕೆ. ಆಮೇಲೆ ಬೇರೆ ಹುಡುಗಿ ನೋಡ್ತಾರಂತೆ. ಈಗ್ಲೇ ನೋಡ್ತಿದಾರೆ ಅನ್ನು."

"ಅಳ್ಬೇಡ, ಒಲೆ ಆರುತ್ತೆ. ಒಡೆದಿದೆ ಅನ್ನೋಕೆ ಒಂದು ಫೋಟೋ ತಾನೇ ಬೇಕು? ತೆಗೆದು ಕೊಟ್ರಾಯ್ತು."

ರಗಬ್ ತಲೆ ಬಾಚಿಕೊಂಡು ಡೆಕ್ಕಿನ ಅಂಚಿನ ಕಂಬಿ ಹಿಡಿದು ನಿಂತ. ತೆಕ್ಬರ್ ದೋಣಿಯಿಂದ ಫೋಟೋ ತೆಗೆದಳು.

ಕಚೇರಿಯಲ್ಲಿ ಹಡಗುಗಳ ವಿಭಾಗದ ಮುಖ್ಯಸ್ಥ ಸೀದಾತಿ ಫೋಟೋವನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ.

"ಚೆನ್ನಾಗಿ ಬಂದಿದೆ ತೆಕ್ಬರ್. ಆದ್ರೆ ಇದ್ರಲ್ಲಿ ಮನುಷ್ಯ ಇದಾನೆ. ನಗ್ತಾ ಬೇರೆ ಇದಾನೆ. ಒಡೆದ ಹಡಗಿನಲ್ಲಿ ಮನುಷ್ಯ ಇರಕೂಡ್ದು."

ಅವಳು ಮತ್ತೆ ಹೋದಳು. ಈ ಸಲ ರಗಬ್ ಅಡುಗೆಕೋಣೆಯಲ್ಲಿ ಅಡಗಿ ಕೂತ.

"ಹಡಗೇನೋ ಖಾಲಿ," ಎಂದ ಸೀದಾತಿ. "ಕಾವಲುಗಾರ ಎಲ್ಲಿ?"

"ಒಳಗಿದಾನೆ ಸಾಹೇಬ್ರೇ."

"ಒಳಗಿರೋದು ಫೋಟೋದಲ್ಲಿ ಕಾಣ್ಬೇಕಲ್ಲ? ಇದು ಕರ್ತವ್ಯಕ್ಕೆ ಗೈರುಹಾಜರಿ. ಅವನ ಕಾವಲು ಇವತ್ತಿಂದ ಹೊಸದಾಗಿ ಶುರು."

"ಅರ್ಧ ಕಾಣೋ ಹಾಗೆ ತೆಗೀಲಾ?"

ಸೀದಾತಿ ಪ್ರಾಮಾಣಿಕವಾಗಿ ಯೋಚಿಸಿದ. "ಅರ್ಧ ಮನುಷ್ಯನಿಗೆ ನಿಯಮ ಇಲ್ಲ."

ಹೀಗೆ ರಮದಾನ್ ಉಪವಾಸದ ತಿಂಗಳೂ ಬಂತು. ಆಗ ಕಚೇರಿಯ ಬಾಗಿಲಿಗೆ ಈ ಪ್ರಕಟಣೆ ಅಂಟಿಕೊಂಡಿತು:

'ಸಾರ್ವಜನಿಕರ ಗಮನಕ್ಕೆ. ಒಡೆದ ಹಡಗನ್ನು ತೆರವುಗೊಳಿಸುವ ಬಂದರಿಗೆ ಧನಸಹಾಯ ನೀಡಲು ಕಡಲಾಚೆಯ ನಿಧಿಯೊಂದು ಮುಂದೆ ಬಂದಿರುತ್ತದೆ. ತೆರವಿನ ಮೊದಲಿನ ಒಂದು ಫೋಟೋ ಹಾಗೂ ನಂತರದ ಒಂದು ಫೋಟೋ ಲಗತ್ತಿಸತಕ್ಕದ್ದು. ಆದಕಾರಣ, ಈ ಬಂದರಿನಲ್ಲಿ ಒಂದು ಒಡೆದ ಹಡಗು ಇರಲು ಸಾಧ್ಯವಿದೆಯೆಂದು ಇಂದಿನಿಂದ ಪರಿಗಣಿಸಲಾಗಿದೆ. ಇತರ ಹಡಗುಗಳು ಇದನ್ನು ಪೂರ್ವನಿದರ್ಶನವೆಂದು ಭಾವಿಸಬಾರದು.'

ಮರುದಿನ ಸೀದಾತಿ ತಾನೇ ಸ್ಟುಡಿಯೋಗೆ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದವನು ಪರದೆಯ ಮುಂದೆ ಬಹಳ ಹೊತ್ತು ನಿಂತ.

"ಗಾಳಿ, ಮರಳಿನಿಂದಾಗಿ ಫೋಟೋ ತೆಗೆಯೋಕಾಗದೆ ಇದ್ರೆ ಕೈಯಲ್ಲಿ ಬರೆದ ಚಿತ್ರ ಒಪ್ಪಬಹುದು ಅಂತ ನಿಯಮ ಇದೆ."

ತೆಕ್ಬರ್ ಕಿಟಕಿಯಾಚೆ ನೋಡಿದಳು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. "ಗಾಳಿ ಎಲ್ಲಿದೆ ಸಾಹೇಬ್ರೇ?"

"ಇದೆ ಅಂತ ಬರೆದು ನಿರ್ದೇಶಕರ ಸಹಿ ಆಗಿದೆ."

"ಇದ್ರಲ್ಲೂ ಕಾವಲುಗಾರ ಇಲ್ವಲ್ಲ?"

"ನೋಡಮ್ಮಾ, ಕ್ಯಾಮೆರಾ ಮನುಷ್ಯನನ್ನ ಬಿಟ್ರೆ ಅದು ಗೈರುಹಾಜರಿ. ಬರೆಯೋರು ಬಿಟ್ರೆ ಅದು ಕಲೆ."

"ಒಂಟೆ?"

"ನಿಯಮ ಮನುಷ್ಯನ ಬಗ್ಗೆ ಮಾತ್ರ."

"ಇಷ್ಟು ಹೊಸದಾಗಿ ಹೊಳೀತಿರೋ ಹಡಗನ್ನ ಒಡೆದಿದೆ ಅಂದ್ರೆ ಯಾರು ನಂಬ್ತಾರೆ?"

ಸೀದಾತಿ ಸ್ಟೂಲು ಹತ್ತಿ ಪರದೆಯ ಎಡಗಡೆಯ ಮೊಳೆ ಕಿತ್ತ. ಹಡಗು ಒಂದು ಬದಿಗೆ ವಾಲಿತು. "ಈಗ ತೆಗಿ," ಎಂದ.

'ಮೊದಲಿನ' ಫೋಟೋ ಹಾಗೆ ಸಿದ್ಧವಾಯಿತು. ಮೂಲಚಿತ್ರವನ್ನು ಕಡತಕ್ಕೆ ಲಗತ್ತಿಸಬೇಕು. ಪರದೆ ಕಡತದಲ್ಲಿ ಹಿಡಿಯದ್ದರಿಂದ ಕಡತವನ್ನೇ ತಂದು ಪರದೆಗೆ ಹೊಲಿದರು, ಹಡಗಿನ ಹೊಟ್ಟೆಯ ಮೇಲೆ ಮುದ್ರೆ ಒತ್ತಿದರು. ಮುದ್ರೆ ಬಿದ್ದದ್ದೇ ಒಡೆದ ಹಡಗು ಎಂದಾಯಿತು. ಮುದ್ರೆ ಬಿದ್ದದ್ದನ್ನು ಬಂದರಿನಿಂದ ತೆರವುಗೊಳಿಸುವುದೊಂದೇ ಬಾಕಿ. ಸಮುದ್ರದಲ್ಲಿದ್ದ ಕಬ್ಬಿಣವನ್ನು ಎಳೆಯಲು ಯಂತ್ರಗಳು ಬೇಕಿತ್ತು, ಬಟ್ಟೆಗೆ ಒಂದು ಹೆಗಲು ಸಾಕಿತ್ತು. ಯಾವುದು ಮಿತವ್ಯಯವೆಂದು ತೀರ್ಮಾನಿಸಲು ಸಮಿತಿ ಕೂಡ ಬೇಕಾಗಲಿಲ್ಲ. ಆದರೂ ಸಮಿತಿ ಸೇರಿತು, ಇಫ್ತಾರ್ ಊಟ ಮಾಡಿತು.

'ಕಾವಲುಗಾರನು ಒಡೆದ ಹಡಗಿನೊಂದಿಗೇ ಬಂದರನ್ನು ತೊರೆಯತಕ್ಕದ್ದು,' ಎಂದಿತ್ತು ಆದೇಶ.

ತೆಕ್ಬರ್ ಅದನ್ನು ಓದಿ ಪರದೆಗೆ ಅಡ್ಡ ನಿಂತಳು. "ಹಬ್ಬ ಆದಮೇಲೆ ಇಲ್ಲಿ ಸಾಲುಸಾಲು ಮದುವೆ ಸಾಹೇಬ್ರೇ. ಇದು ಹೋದ್ರೆ ನಾನು ಏನು ತಿನ್ಲಿ? ಇದರ ಹಾಗೇ ಇನ್ನೊಂದು ಬರ್ಕೊಳ್ಳಲಾ?"

"ಹೋದ ಹಡಗನ್ನ ಮತ್ತೆ ಬರೆದ್ರೆ ಅದು ವಾಪಸ್ಸು ಬಂದ ಹಾಗೆ. ನಿಧಿಯೋರು ದುಡ್ಡು ವಾಪಸ್ಸು ಕೇಳ್ತಾರೆ."

"ಕೊಡೋಲ್ಲ ಅಂದ್ರೆ?"

"ಬೇಡ ಬಿಡು. ಅಡುಗೆಯವನು ಅಲ್ಲೇ ಇರ್ತಾನೆ. ಅವನಿಗೂ ಅಭ್ಯಾಸ ಆಗಿದೆ."

ಸೀದಾತಿ ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅವಳು ಬಲಗಡೆಯ ಮೊಳೆಯನ್ನು ತಾನೇ ಕಿತ್ತಳು. ಬಣ್ಣ ಬಿರಿಯದ ಹಾಗೆ ಒಳಗೆ ಹಳೆಯ ಮಲ್ಹಫಾ ಇಟ್ಟು ಹಡಗನ್ನು ಸುತ್ತಿ, ಮೀನಿನ ಬಲೆಯ ಹಗ್ಗದಲ್ಲಿ ಕಟ್ಟಿದಳು.

ರಗಬ್ ದೋಣಿಯಿಂದ ಇಳಿದಾಗ ನೆಲ ಅವನನ್ನು ತೂಗಾಡಿಸಿತು. ಹೆಗಲಿಗೆ ಹಡಗು ಬಂತು. ಅವನು ತಿರುಗಿ ಸಮುದ್ರದ ಕಡೆ ನೋಡಿದ.

"ಅಕ್ಕಾ, ಹಾಗಾದ್ರೆ ಅಲ್ಲಿರೋದು ಏನು?"

"ನೋಡ್ಬೇಡ ಮಾರಾಯ. ನೋಡಿದ್ರೆ ಕಡತ ಮತ್ತೆ ತೆರೀತಾರೆ."

"ನಿನ್ನ ಗೋಡೆ ಖಾಲಿ ಆಯ್ತಲ್ಲ."

"ನಿನ್ನ ಅಳು ಕೇಳೋದು ತಪ್ತಲ್ಲ. ಹೊರಡು."

ವಿಮಾನ ನಿಲ್ದಾಣದಲ್ಲಿ ಕಾಗದಪತ್ರವೆಲ್ಲ ಸರಿಯಿತ್ತು, ಒಂಟೆಯದ್ದು ಬಿಟ್ಟು. ಪಶುವೈದ್ಯರನ್ನು ಕರೆಸಲಾಯಿತು. ಅವರು ಬಟ್ಟೆಯನ್ನು ಒಂಟೆಯವರೆಗೆ ಬಿಚ್ಚಿಸಿ ನೋಡಿ, 'ರೋಗಲಕ್ಷಣ ಕಂಡುಬಂದಿಲ್ಲ, ಮೇವು ಬೇಡವೆನ್ನುತ್ತದೆ' ಎಂದು ಬರೆದುಕೊಟ್ಟರು.

'ನಂತರದ' ಫೋಟೋಗೆ ತೆಕ್ಬರ್ ದಡದಲ್ಲಿ 'ಸಬಾಹ್' ಎದುರಿಗೇ ಕ್ಯಾಮೆರಾ ಇಟ್ಟಳು. ಕಬ್ಬಿಣದ ಗುಡ್ಡ ಚೌಕಟ್ಟಿನ ನಟ್ಟನಡುವೆ ಬಂತು. ಸೀದಾತಿ ಅವಳ ಭುಜ ಹಿಡಿದು ಮೃದುವಾಗಿ ಬಡಗು ದಿಕ್ಕಿಗೆ ತಿರುಗಿಸಿದ. ಅಲ್ಲಿ ನೀರು ತಿಳಿಯಾಗಿತ್ತು. ನಿಧಿಯವರು ಎರಡು ಫೋಟೋಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ ಬಹಳ ಸಂತೋಷಪಟ್ಟು ಹಣ ಕಳಿಸಿದರು. ಸೀದಾತಿಗೂ ಒಂದು ಕಾರು ಬಂತು.

ಹಬ್ಬದ ನಂತರದ ಮದುವೆಗಳಿಗೆ ತೆಕ್ಬರ್ ಖಾಲಿ ಗೋಡೆಯ ಮುಂದೆ ಫೋಟೋ ತೆಗೆದಳು. ಯಾರೋ ಒಬ್ಬ ಮದುಮಗ ಕಿಟಕಿಯತ್ತ ಕೈತೋರಿಸಿ, "ಅಲ್ಲೇ ಇದೆಯಲ್ಲಕ್ಕಾ ಹಡಗು?" ಎಂದ. ಅವನ ಅಮ್ಮ ಅವನ ಕೈ ಕೆಳಗಿಳಿಸಿ, "ಅದು ಈಜಿಪ್ಟಿಗೆ ಹೋಯ್ತಲ್ಲೋ, ಊರಿಗೆಲ್ಲ ಗೊತ್ತು," ಎಂದಳು.

ದಮಿಯೆತ್ತಾದಿಂದ ಒಂದು ಫೋಟೋ ಬಂತು. ಇನ್ಸಾಫ್ ಮತ್ತು ಅವಳ ಗಂಡ, ಹಿಂದೆ ಕಿಟಕಿಗಳೇ ಕಿಟಕಿಗಳ ಬಿಳಿ ಹಡಗು, ಅದರ ಮೇಲೆ ಒಂಟೆ. ಪಕ್ಕದಲ್ಲಿ ರಗಬ್ ಹೊಸ ಅಂಗಿ ತೊಟ್ಟು, ಆದೇಶದಂತೆ ಹಡಗನ್ನು ಬಿಟ್ಟು ಅಗಲದೆ, ಪರದೆಯ ಅಂಚನ್ನು ಬಿಗಿಯಾಗಿ ಹಿಡಿದು ನಿಂತಿದ್ದ. ತೆಕ್ಬರ್ ಅದರ ಒಂದು ಪ್ರತಿಯನ್ನು ಕಚೇರಿಗೆ ಕೊಟ್ಟಳು. ಸೀದಾತಿ ಕನ್ನಡಕ ಏರಿಸಿ, 'ಕಾವಲುಗಾರ ಹಾಜರು' ಎಂದು ಬರೆದುಕೊಂಡ.

ಅದೇ ವಾರ ಆಕ್ಟೋಪಸ್ ಹೇರಿಕೊಂಡು ಬಂದ ಹಡಗೊಂದು ದಡದ ಹತ್ತಿರ ಭಾರೀ ಸದ್ದಿನೊಂದಿಗೆ ನಿಂತಿತು. ಅದರ ಕಪ್ತಾನ ಹಣೆಯ ಗಾಯ ಒತ್ತಿ ಹಿಡಿದು ಕಚೇರಿಗೆ ಓಡಿಬಂದ.

"ಅಲ್ಲೊಂದು ಹಡಗು ಬಿದ್ದಿದೆಯಲ್ರೀ! ನಕ್ಷೆಯಲ್ಲಿ ಯಾಕೆ ಹಾಕಿಲ್ಲ?"

"ಅಲ್ಲಿ ಯಾವ ಹಡಗೂ ಇಲ್ಲ," ಎಂದ ಸೀದಾತಿ. ಕಪ್ತಾನ ಬೊಟ್ಟುಮಾಡಿದ ಕಡೆಗೆ ಅವನು ತಿರುಗಲಿಲ್ಲ. ತಿರುಗಿದ್ದರೆ ಅದು ಸ್ಥಳಪರಿಶೀಲನೆ ಆಗುತ್ತಿತ್ತು. "ನಿಮ್ಮ ಹಡಗು ದಣಿದಿದೆ, ವಿಶ್ರಾಂತಿ ತಗೊಳ್ಳಲಿ. ಅಡುಗೆಯವನು ಯಾರು?"

ಕಪ್ತಾನ ಹೆಸರು ಹೇಳಿ, ಸಿಗರೇಟು ತರಲು ಹೊರಗೆ ಹೋದ.

ಸುದ್ದಿ ಕೇಳಿದ ತೆಕ್ಬರ್ ಸಂತೆಗೆ ಹೋಗಿ ಹೊಸ ಹಾಯಿಬಟ್ಟೆ ಅಳೆಸಿದಳು. ಹೊಸ ಹಡಗನ್ನು ಬರೆಯಲು ಯಾವ ನಿಯಮವೂ ಅಡ್ಡಬರುತ್ತಿರಲಿಲ್ಲ. ದರ್ಜಿ ಅಂಚು ಮಡಿಸುತ್ತ, "ಇನ್ನೇನಾದ್ರೂ ಹೊಲೀಬೇಕಾ ಅಕ್ಕಾ?" ಎಂದು ಕೇಳಿದ.

"ಎರಡು ಹಿಡಿಕೆ ಹಾಕು," ಎಂದಳು ತೆಕ್ಬರ್. "ಗಟ್ಟಿಯಾಗಿರ್ಲಿ. ದೂರ ಹೊರ್ಬೇಕಾಗುತ್ತೆ."