ಅಣ್ಣ ಕ್ಲೋರಿನ್, ತಮ್ಮ ಹೈಡ್ರೋಜನ್

ಅಬ್ಬಿಗೆರೆಯ ಭೀಮರಾಜ ಆ ಶನಿವಾರ ಬೆಳಿಗ್ಗೆ ತನ್ನ ಕೋಣೆಯಲ್ಲೇ ಕೂತು ಮನಸ್ಸಿನಲ್ಲಿ ಓದಿಕೊಂಡಿದ್ದರೆ ಯಾವ ರಗಳೆಯೂ ಆಗುತ್ತಿರಲಿಲ್ಲ. ಆದರೆ ನಲವತ್ತು ದಾಟಿದ ಮೇಲೆ ಓದಲು ಕೂತವನು ಅವನು. ಮನಸ್ಸಿನಲ್ಲಿ ಓದಿದ್ದು, ಬಿರುಕು ಬಿಟ್ಟ ತೊಟ್ಟಿಗೆ ಟ್ಯಾಂಕರ್ ನೀರು ಬಿಟ್ಟ ಹಾಗೆ, ಸಂಜೆಯೊಳಗೆ ಇಂಗಿಹೋಗುತ್ತಿತ್ತು. ಬಾಯಿಬಿಟ್ಟು ಗಟ್ಟಿಯಾಗಿ ಹೇಳಿಕೊಂಡರೆ ಮಾತ್ರ ಅಷ್ಟೋ ಇಷ್ಟೋ ತಲೆಯಲ್ಲಿ ನಿಲ್ಲುತ್ತಿತ್ತು. ಅದಕ್ಕೇ ಪುಸ್ತಕ ಹಿಡಿದು ಮಹಡಿಯ ಮೇಲಕ್ಕೆ ಹೋದ. ಮಧ್ಯಾಹ್ನ ಎರಡಕ್ಕೆ ಯಶವಂತಪುರದಲ್ಲಿ ಕೆಮಿಸ್ಟ್ರಿ ಪರೀಕ್ಷೆ.

ಈ ವಯಸ್ಸಿನಲ್ಲಿ ಕೆಮಿಸ್ಟ್ರಿಯ ಗೊಡವೆ ಯಾಕೆ ಬಂತೆಂದರೆ, ಅವನು ಸೂಪರ್‌ವೈಸರ್ ಆಗಿದ್ದ, ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಕಾರ್ಖಾನೆಯ ಮಾಲೀಕ ಮನೋಹರ್ ಒಂದು ದಿನ ಕರೆದು, "ಭೀಮರಾಜ್, ಕೊಳೆ ನೀರು ಶುದ್ಧಿ ಮಾಡೋ ಯೂನಿಟ್ ಹಾಕಿಸ್ತಿದೀನಿ. ಅದನ್ನ ನೋಡ್ಕೊಳ್ಳೋನು ಕೆಮಿಸ್ಟ್ರಿ ಪಾಸಾಗಿರಬೇಕು. ನೀವು ಒಂದು ಸರ್ಟಿಫಿಕೇಟ್ ತನ್ನಿ. ಆಗಲ್ಲ ಅಂದ್ರೆ ಹೇಳಿಬಿಡಿ, ಯಾರಾದ್ರೂ ಹುಡುಗನ್ನ ನಿಮ್ಮ ಮೇಲೆ ಹಾಕ್ಕೋತೀನಿ" ಎಂದಿದ್ದರು. ಇಪ್ಪತ್ತು ವರ್ಷ ಆಸಿಡ್ ತೊಟ್ಟಿಗಳ ನಡುವೆ ಕೆಮ್ಮುತ್ತಾ ಓಡಾಡಿದವನಿಗೆ, ನಿನ್ನೆ ಮೊನ್ನೆ ಮೀಸೆ ಬಂದವನ ಕೈಕೆಳಗೆ ನಿಲ್ಲುವುದು ಬೇಡವೆನಿಸಿತು. ಯಶವಂತಪುರದ ಒಂದು ಸಂಜೆ ತರಗತಿಗೆ ಸೇರಿಕೊಂಡ.

ಹೆಂಡತಿ ರಮಾಗೆ ಹೇಳಿದ. ಅಣ್ಣ ಮುನಿರಾಮಯ್ಯನಿಗೆ ಮಾತ್ರ ಹೇಳಲಿಲ್ಲ. "ಕಾರ್ಖಾನೆಯಲ್ಲಿ ಓಟಿ ಇದೆ ಅಣ್ಣ, ಓವರ್‌ಟೈಮ್" ಎಂದು ಸುಳ್ಳು ಹೇಳಿ ಹೋಗುತ್ತಿದ್ದ.

ಅದಕ್ಕೊಂದು ಹಳೆಯ ಕಾರಣವಿತ್ತು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಸೈಕಲ್ಲಿನಲ್ಲಿ ಜಾಲಹಳ್ಳಿಯ ಮನೆಮನೆಗೆ ಎಮ್ಮೆ ಹಾಲು ಹಾಕಿ ಈ ತಮ್ಮನನ್ನು ಪಿಯುಸಿ ಸೈನ್ಸಿಗೆ ಸೇರಿಸಿದ್ದ. ತಮ್ಮ ಕೆಮಿಸ್ಟ್ರಿಯಲ್ಲಿ ಫೇಲಾದ. ಮತ್ತೆ ಕಟ್ಟಿದ, ಮತ್ತೆ ಫೇಲಾದ. ಮೂರನೆಯ ಸಲ ಪರೀಕ್ಷೆಗೇ ಹೋಗದೆ ಸಿನಿಮಾ ನೋಡಿಕೊಂಡು ಬಂದು "ಪೇಪರ್ ಬಹಳ ಕಷ್ಟ ಇತ್ತಣ್ಣ" ಎಂದ. ಜೇಬಿನಲ್ಲಿದ್ದ ಸಿನಿಮಾ ಟಿಕೆಟ್ಟಿನ ಚೂರು ಅಂಗಿ ಒಗೆಯುವಾಗ ಅಣ್ಣನ ಕೈಗೇ ಸಿಕ್ಕಿತ್ತು. ಅಣ್ಣ ಬೈಯಲಿಲ್ಲ. ಬೈದಿದ್ದರೆ ಭೀಮರಾಜ ಅದನ್ನು ಎಂದೋ ಮರೆತುಬಿಡುತ್ತಿದ್ದ. ಈಗ ಪಾಸಾದ ಮೇಲೆಯೇ ಹೇಳಬೇಕು, ಸರ್ಟಿಫಿಕೇಟನ್ನು ಅಣ್ಣನ ಕಾಲ ಬಳಿ ಇಟ್ಟು ನಮಸ್ಕಾರ ಮಾಡಬೇಕು ಎಂದು ಅವನ ಆಸೆ.

ಆದರೆ ಕೆಮಿಸ್ಟ್ರಿ ಅಂದಿಗಿಂತ ಇಂದು ಇನ್ನೂ ಬಿಗಿಯಾಗಿತ್ತು. ಎಲೆಕ್ಟ್ರಾನು ಅಂದರೆ ಅವನಿಗೆ ಕಣ್ಣೆದುರು ಸೊಳ್ಳೆ ಹಾರಿದ ಹಾಗೆ ಆಗುತ್ತಿತ್ತು. ಇದೆ ಅನ್ನಿಸುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಪಾಠ ಹೇಳುವ ಮೋನಿಷಾ ಅವನ ಪಾಡು ನೋಡಲಾರದೆ ಒಂದು ಉಪಾಯ ಹೇಳಿಕೊಟ್ಟಿದ್ದಳು. "ಸರ್, ನೀವು ಊರಿನೋರು ತಾನೇ? ಎಲೆಕ್ಟ್ರಾನನ್ನ ಆಸ್ತಿ ಅಂದ್ಕೊಳ್ಳಿ. ಹೈಡ್ರೋಜನ್ ಕ್ಲೋರೈಡಲ್ಲಿ ಹೈಡ್ರೋಜನ್ ಚಿಕ್ಕೋನು, ತಮ್ಮ. ಕ್ಲೋರಿನ್ ದೊಡ್ಡೋನು, ಅಣ್ಣ. ಇಬ್ಬರದೂ ಜಂಟಿ ಆಸ್ತಿ. ಇನ್ನು ಮರೆಯಲ್ಲ ನೋಡಿ."

ನಿಜವಾಗಿಯೂ ಮರೆಯಲಿಲ್ಲ. ಮಹಡಿಯ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡುತ್ತಾ, ಕೈ ಬೀಸಿ ಬೀಸಿ ಹೇಳಿಕೊಂಡ:

"ಅಣ್ಣ ತಮ್ಮ ಇಬ್ಬರದೂ ಜಂಟಿ ಆಸ್ತಿ. ಆದ್ರೆ ಸಮಪಾಲು ಅಂತ ಯಾರಾದ್ರೂ ಅಂದ್ರೆ ಅದು ಸುಳ್ಳು! ಅಣ್ಣ ದೊಡ್ಡೋನು, ಎಲ್ಲಾ ತನ್ನ ಕಡೆಗೇ ಎಳ್ಕೊಂತಾನೆ. ಹೊರಗಿಂದ ನೋಡೋರಿಗೆ ಒಟ್ಟಿಗಿದ್ದಾರೆ ಅಂತ ಕಾಣುತ್ತೆ. ನೀರಿಗೆ ಬೀಳಲಿ, ಆಗ ಗೊತ್ತಾಗುತ್ತೆ! ನೀರು ಬಂತೋ, ಇಬ್ಬರೂ ಬೇರೆ ಬೇರೆ. ಆಸ್ತಿ ಪೂರ್ತಿ ಅಣ್ಣಂದು, ತಮ್ಮ ಬರಿಗೈ!"

ಪಕ್ಕದ ಮಹಡಿಯಲ್ಲಿ ಸಂಡಿಗೆ ಹಾಕುತ್ತಿದ್ದ ಚನ್ನಕ್ಕನ ಕೈ ಅಲ್ಲೇ ನಿಂತಿತು. ಅಣ್ಣತಮ್ಮಂದಿರಿಗೆ ಸೇರಿದ್ದು ಹಳೆಯ ಮನೆ, ಹಿಂದಿನ ಹೊಲದಲ್ಲಿ ಕಟ್ಟಿದ ಬಾಡಿಗೆ ಮನೆಗಳ ಸಾಲು, ನಡುವೆ ಒಂದೇ ಒಂದು ಬೋರ್‌ವೆಲ್ಲು. ನೀರು ಎಂದ ಕೂಡಲೇ ಅವಳಿಗೆ ಎಲ್ಲವೂ ಅರ್ಥವಾಗಿಹೋಯಿತು. ಹಿಟ್ಟಿನ ಕೈಯಲ್ಲೇ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು.

ಭೀಮರಾಜ ಇನ್ನೊಂದು ಪಾಠ ಮುಗಿಸಿ ಸ್ನಾನಕ್ಕೆಂದು ಕೆಳಗೆ ಬರುವ ಹೊತ್ತಿಗೆ ನಡುಮನೆಯಲ್ಲಿ ಪಂಚಾಯ್ತಿ ಸೇರಿತ್ತು. ಗೋಡೆಗೆ ಒರಗಿ ಅತ್ತಿಗೆ ಮುನಿಕೃಷ್ಣಮ್ಮ, ಅವಳ ಪಕ್ಕದಲ್ಲಿ ಚನ್ನಕ್ಕ. ಸೋಫಾದ ಮೇಲೆ, ಊರಿನ ಯಾರ ಮನೆಯ ಜಗಳಕ್ಕೂ ಕರೆಯದೆ ಬರುವ ಬಿಲ್ಡರ್ ವೆಂಕಟರಾಮಯ್ಯ. ಎದುರಿಗೆ ಕುರ್ಚಿಯಲ್ಲಿ ಅಣ್ಣ. ಅವನ ಮುಖ ಆರಿದ ಮುದ್ದೆಯಂತೆ ಗಟ್ಟಿಯಾಗಿತ್ತು.

"ಕೂತ್ಕೊಳಪ್ಪ ಭೀಮ" ಎಂದ ಅಣ್ಣ. "ನಿಂಗೆ ನಾನೇನು ಕಮ್ಮಿ ಮಾಡಿದ್ದೆ? ಭಾಗ ಬೇಕು ಅಂತಿದ್ರೆ ನನ್ನ ಮುಂದೆ ನಿಂತು ಏಳ್ಬಾರ್ದಾಗಿತ್ತಾ? ಮಾಡಿ ಮೇಲೆ ನಿಂತ್ಕಂಡು ಊರಿಗೆಲ್ಲಾ ಸಾರ್ತೀಯಾ?"

"ಭಾಗಾನಾ? ಯಾವ ಭಾಗ ಅಣ್ಣ?"

"ನಾನು ಕಿವಿಯಾರೆ ಕೇಳಿವ್ನಿ" ಎಂದಳು ಚನ್ನಕ್ಕ. "ಅಣ್ಣ ಎಲ್ಲಾ ಎಳ್ಕಂತಾನೆ, ತಮ್ಮ ಬರಿಗೈ ಅಂತ. ಕೈ ಬೀಸಿದ್ದೂ ಬೀಸಿದ್ದೇ. ಇಂಗಾ ಮಾತಾಡೋದು ಎತ್ತಪ್ಪನಂಗಿರೋ ಅಣ್ಣನ್ನ?"

"ಅಯ್ಯೋ ಚನ್ನಕ್ಕ, ಅದು ನಮ್ಮಣ್ಣ ಅಲ್ಲ. ಕ್ಲೋರಿನ್!"

ವೆಂಕಟರಾಮಯ್ಯ ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದರು, "ಕ್ಲೋರಿನ್ ಅಂದ್ರೆ ಯಾರಪ್ಪ? ನಿನ್ನ ಲಾಯರಾ?"

"ಲಾಯರೂ ಇಲ್ಲ ಏನೂ ಇಲ್ಲ. ನಾನು ಓದ್ತಿದೀನಿ. ಇವತ್ತು ಮಧ್ಯಾಹ್ನ ಪರೀಕ್ಷೆ ಇದೆ."

ಅವನು ಅಷ್ಟು ಹೇಳಿದ್ದೇ ತಡ, ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಲೆ ನರೆತವನು ಪರೀಕ್ಷೆ ಎನ್ನುತ್ತಿದ್ದಾನೆಂದರೆ ಒಂದೋ ಸುಳ್ಳು, ಇಲ್ಲವೇ ಬುದ್ಧಿಭ್ರಮೆ.

"ಎಲ್ಲಿ ಓದ್ತಿದೀಯ, ಯಾವಾಗ ಓದ್ತಿದೀಯ?" ಎಂದರು ವೆಂಕಟರಾಮಯ್ಯ. "ದಿನಾ ಸಂಜೆ ಓಟಿ ಅಂತ ಓಗ್ತೀಯಂತೆ. ನಿಮ್ಮ ಕಾರ್ಖಾನೆ ಸಂಜೆ ಐದೂವರೆಗೇ ಬಾಗಿಲು ಆಕುತ್ತೆ ಅಂತ ನಂಗೆ ಗೊತ್ತಿಲ್ವಾ? ಆ ಶೆಡ್ ಕಟ್ಟಿದ್ದೇ ನಾನು."

ಅಣ್ಣ ತಲೆಯೆತ್ತಿ ತಮ್ಮನನ್ನು ನೋಡಿದ. ಆ ನೋಟ ಭೀಮರಾಜನಿಗೆ ಹೊಸದಲ್ಲ. ಅಂಗಿಯ ಜೇಬಿನಿಂದ ಟಿಕೆಟ್ಟಿನ ಚೂರು ತೆಗೆದ ದಿನ ನೋಡಿದ್ದ ನೋಟವೇ ಅದು. ಓಟಿ ಎಂದು ಹೇಳಬಾರದಿತ್ತು, ಮೊದಲ ದಿನವೇ ಇದ್ದದ್ದು ಇದ್ದಂತೆ ಹೇಳಿದ್ದರೆ ಅಣ್ಣ ಒಂದಿಷ್ಟು ನಕ್ಕು ಸುಮ್ಮನಾಗುತ್ತಿದ್ದ, ಎಂದು ಅವನಿಗೆ ಈಗ ಅನ್ನಿಸಿತು.

"ರಮಾನ್ನ ಕೇಳಿ ಬೇಕಾದ್ರೆ. ಫೋನ್ ಮಾಡ್ತೀನಿ."

"ಎಂಡ್ತಿ ಸಾಕ್ಷಿ ಪಂಚಾಯ್ತಿಲಿ ನಡ್ಯಲ್ಲ" ಎಂದರು ವೆಂಕಟರಾಮಯ್ಯ. ರಮಾ ಹೆಬ್ಬಾಳದ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಳು. ಕೆಲಸದ ಹೊತ್ತಿನಲ್ಲಿ ಅವಳು ಫೋನು ಎತ್ತುವುದೂ ಇಲ್ಲ.

"ಸರಿ, ಟೀಚರಿಗೇ ಮಾಡ್ತೀನಿ. ಎಲ್ಲರೂ ಕೇಳಿಸ್ಕೊಳ್ಳಿ." ಭೀಮರಾಜ ಫೋನನ್ನು ಸ್ಪೀಕರಿಗೆ ಹಾಕಿ ಮೋನಿಷಾಗೆ ಕರೆ ಮಾಡಿದ. ಅವಳು ಪರೀಕ್ಷೆಯ ಗಡಿಬಿಡಿಯಲ್ಲಿದ್ದಳು. ಅವನಿಗೆ ಒಂದು ಮಾತು ಆಡಲೂ ಬಿಡದೆ ಶುರುಮಾಡಿದಳು:

"ಭೀಮರಾಜ್ ಸರ್, ಏನೂ ಹೆದರ್ಕೋಬೇಡಿ. ಆಸ್ತಿ ವಿಷಯ ಗಟ್ಟಿಯಾಗಿ ಹಿಡ್ಕೊಳ್ಳಿ. ಇವತ್ತು ಅದೇ ಬರೋದು. ಅಣ್ಣ ಎಲ್ಲಾ ಎಳ್ಕೊಳ್ತಾನೆ, ನೀರು ಬಂದ್ರೆ ಬೇರೆ ಆಗ್ತಾರೆ, ಅಷ್ಟು ಹೇಳಿದ್ರೆ ಸಾಕು, ಗೆದ್ದಂಗೇ. ಎರಡು ಗಂಟೆಗೆ ಬಂದ್ಬಿಡಿ!" ಫೋನು ಕಟ್ಟಾಯಿತು.

"ನಾನ್ ಏಳಿಲ್ವಾ? ಲಾಯರಮ್ಮ!" ಎಂದರು ವೆಂಕಟರಾಮಯ್ಯ, ತೊಡೆ ತಟ್ಟಿ. ಅತ್ತಿಗೆ ಬಿಕ್ಕಿದಳು. "ಅಯ್ಯೋ, ಎಂಗಸನ್ನ ಬೇರೆ ಇಟ್ಕಂಡವ್ನಲ್ಲಪ್ಪ ಕೇಸಿಗೆ" ಎಂದು ಚನ್ನಕ್ಕ ಗಲ್ಲಕ್ಕೆ ಕೈಯಿಟ್ಟುಕೊಂಡಳು.

ಗೋಡೆಯ ಗಡಿಯಾರ ಒಂದರ ಹತ್ತಿರ ಬಂದಿತ್ತು. ಭೀಮರಾಜ ಒಳಗೆ ಓಡಿಹೋಗಿ ಪುಸ್ತಕ ತಂದು ಅಣ್ಣನ ತೊಡೆಯ ಮೇಲೆ ತೆರೆದಿಟ್ಟ. ಒಂದನ್ನೊಂದು ಕಚ್ಚಿಕೊಂಡ ಎರಡು ವೃತ್ತಗಳ ಚಿತ್ರ. ಒಂದು ಸಣ್ಣದು, ಒಂದು ದೊಡ್ಡದು. ಅಣ್ಣ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ವೆಂಕಟರಾಮಯ್ಯನವರೂ ಬಗ್ಗಿ ನೋಡಿ, "ಸೈಟಿನ ಸ್ಕೆಚ್ಚು" ಎಂದರು.

"ಅಣ್ಣ, ನಿನ್ನ ಕಾಲು ಹಿಡ್ಕೋತೀನಿ. ನಾನು ಹೋಗಲೇಬೇಕು. ನಿಂಗೆ ಪಾಸಾಗಿ ತೋರಿಸ್ಬೇಕು ಅಂತ ಇದ್ದೆ. ಆವಾಗ ಮಾಡಿದ್ದು..."

ಮುನಿರಾಮಯ್ಯ ಪುಸ್ತಕ ಮುಚ್ಚಿ ಎದ್ದು ನಿಂತ. "ಪರೀಕ್ಷೆ ಐತೆ ಅಂತೀಯಲ್ಲ, ನಡಿ. ನಾನೇ ಬಿಡ್ತೀನಿ. ಕಣ್ಣಲ್ಲೇ ನೋಡ್ತೀನಿ." ಆಮೇಲೆ ಉಳಿದವರ ಕಡೆ ತಿರುಗಿ, "ಯಾರೂ ಓಗ್ಬೇಡಿ. ಬಂದ್ಮೇಲೆ ತೀರ್ಮಾನ" ಎಂದ. ಯಾರಿಗೂ ಹೋಗುವ ಮನಸ್ಸಿರಲಿಲ್ಲ.

ಅಣ್ಣನ ಸ್ಕೂಟರಿನ ಹಿಂದೆ ಕೂತು ಭೀಮರಾಜ ಹೊರಟ. ಗೊರಗುಂಟೆಪಾಳ್ಯದಲ್ಲಿ ಲಾರಿಗಳು ಜಾತ್ರೆಗೆ ಬಂದ ಎಮ್ಮೆಗಳ ಹಾಗೆ ಅಡ್ಡಡ್ಡ ನಿಂತಿದ್ದವು. ಗಂಟೆ ಎರಡು ಹೊಡೆದೇಬಿಟ್ಟಿತು. ಮುನಿರಾಮಯ್ಯ ಹಾಲು ಹಾಕುತ್ತಿದ್ದ ಕಾಲದ ಚುರುಕನ್ನು ಎಲ್ಲಿಂದಲೋ ಹುಡುಕಿ ತೆಗೆದು, ಫುಟ್‌ಪಾತಿನ ಮೇಲೇ ಸ್ಕೂಟರು ಹತ್ತಿಸಿ, ಹಣ್ಣಿನ ಗಾಡಿಯವನಿಂದ ಬೈಸಿಕೊಂಡು, ತಮ್ಮನನ್ನು ತರಗತಿಯ ಬಾಗಿಲಿಗೆ ತಂದು ಬಿಟ್ಟ. ಕಿಟಕಿಯಿಂದ ಇಣುಕಿ ನೋಡಿದ. ಸಾಲಾಗಿ ಬೆಂಚು, ತಲೆ ತಗ್ಗಿಸಿ ಬರೆಯುತ್ತಿರುವ ಜನ, ಬೋರ್ಡಿನ ಮೇಲೆ 'ರಸಾಯನಶಾಸ್ತ್ರ'. ಅವನ ಮುಖ ಸಡಿಲಾಯಿತು.

"ಓಗು. ಬರಿ" ಎಂದ.

ತಡವಾದದ್ದಕ್ಕೆ ಗೊಣಗಿ ಮೋನಿಷಾ ಒಳಗೆ ಬಿಟ್ಟಳು. ಹೈಡ್ರೋಜನ್ ಕ್ಲೋರೈಡಿನ ಬಂಧವನ್ನು ವಿವರಿಸಿ, ಅದು ನೀರಿನಲ್ಲಿ ಕರಗಿದಾಗ ಏನಾಗುತ್ತದೆ ತಿಳಿಸಿ, ಎಂದು ಮೊದಲ ಪ್ರಶ್ನೆಯೇ ಇತ್ತು. ಬೆಳಿಗ್ಗೆಯಿಂದ ಅದೇ ವಿಷಯಕ್ಕೆ ಮರ್ಯಾದೆ ಕಳೆದುಕೊಂಡವನು, ಒಂದೇ ಉಸಿರಿಗೆ ಬರೆದ. ಎರಡು ಕಡೆ 'ಅಣ್ಣನು' ಎಂದು ಬರೆದು ಹೊಡೆದುಹಾಕಿ 'ಕ್ಲೋರಿನ್' ಎಂದು ತಿದ್ದಿದ. ಕೊನೆಯ ಎರಡು ಪ್ರಶ್ನೆಗಳಿಗೆ ಹೊತ್ತು ಸಾಲಲಿಲ್ಲ. ಆದರೂ ಪಾಸಾಗುವುದರಲ್ಲಿ ಅನುಮಾನವಿರಲಿಲ್ಲ. ಹೊರಗೆ ಬಂದಾಗ ಅವನಿಗೆ ಹೆಗಲಿನಿಂದ ಅಕ್ಕಿ ಮೂಟೆ ಇಳಿಸಿದಂತಿತ್ತು.

ಅಣ್ಣ ಎದುರಿನ ಟೀ ಅಂಗಡಿಯಲ್ಲಿ ಕಾಯುತ್ತಿದ್ದ. ತಮ್ಮನಿಗೊಂದು ಟೀ ಹೇಳಿ, ತನ್ನ ಬನ್ನು ಮುರಿದು ಅರ್ಧ ಅವನಿಗೆ ಕೊಟ್ಟ.

"ಚೆನ್ನಾಗಿ ಬರದ್ಯಾ?"

"ಬರದೆ ಅಣ್ಣ. ಈ ಸಲ ನಿಜವಾಗ್ಲೂ ಬರದೆ."

"ಗೊತ್ತು. ಕಿಟಕೀಲಿ ನೋಡ್ತಾ ಇದ್ದೆ." ಮುನಿರಾಮಯ್ಯ ರಸ್ತೆಯ ಕಡೆ ನೋಡಿದ. "ಭೀಮ, ನಾನೊಂದು ಮಾತು ಏಳ್ತೀನಿ, ಬೇಜಾರ್ ಮಾಡ್ಕೋಬೇಡ. ಬೆಳಿಗ್ಗೆ ಚನ್ನಕ್ಕ ಬಂದು ಏಳ್ದಾಗ ನಂಗೆ ಕ್ವಾಪ ಬಂದಿದ್ದು ದಿಟ. ಆದ್ರೆ ಒಳಗೊಳಗೇ ಒಂದು ಸಮಾಧಾನಾನೂ ಆಯ್ತು ಕಣೋ. ಸದ್ಯ, ಇವ್ನೇ ಬಾಯ್ಬಿಟ್ಟನಲ್ಲಪ್ಪ ಅಂತ."

ಭೀಮರಾಜನ ಕೈಯಲ್ಲಿದ್ದ ಬನ್ನು ಕೈಯಲ್ಲೇ ಉಳಿಯಿತು.

"ನಿಮ್ಮತ್ತಿಗೆ ಎಷ್ಟೋ ವರ್ಷದಿಂದ ಕೇಳ್ತಾನೇ ಅವ್ಳೆ, ಬೇರೆ ಒಲೆ ಆಕೋಣ ಅಂತ. ನಮ್ಮುಡುಗ ಮಣಿಕಂಠಂಗೆ ಎಣ್ಣು ನೋಡ್ತಿದೀವಿ. ಎಲ್ಲರೂ ಮೊದಲು ಕೇಳೋದೇ ನಿಮ್ಮ ಭಾಗ ಎಷ್ಟು ಅಂತ. ನಾನು ದೊಡ್ಡೋನು, ಸಾಕಿ ಬೆಳೆಸಿದೋನು, ನಾನೇ ಎಂಗೆ ಬೇರೆ ಓಗು ಅನ್ಲಿ? ಬಾಯೇ ಬರ್ತಿರ್ಲಿಲ್ಲ. ನೀನೇ ಕೇಳ್ದೆ ಅಂದ್ಕಂಡೆ. ನೀನು ನೋಡಿದ್ರೆ ಕ್ಲೋರಿನ್ ಅಂದ್ಬುಟ್ಟೆ."

ಹಿಂದೆ ಎಲ್ಲೋ ರೈಲು ಕೂಗಿತು.

"ಊರಿಗೆಲ್ಲಾ ಈಗ ನೀನೇ ಕೇಳ್ದೆ ಅಂತ ಗೊತ್ತಾಗೋಗೈತೆ" ಎಂದ ಅಣ್ಣ ತಗ್ಗಿದ ದನಿಯಲ್ಲಿ. "ಅಂಗೇ ಇರ್ಲಿ ಬಿಡಪ್ಪ. ಇಷ್ಟು ವರ್ಷ ಉಳಿಸ್ಕಂಡ್ ಬಂದಿರೋ ಒಳ್ಳೆ ಎಸ್ರು ನಂದು. ನಿನ್ನತ್ರ ನಾನು ಯಾವತ್ತಾದ್ರೂ ಏನಾದ್ರೂ ಕೇಳಿದೀನಾ?"

ಕೇಳಿರಲಿಲ್ಲ. ಅದೇ ಭೀಮರಾಜನ ಬಾಯಿ ಕಟ್ಟಿಹಾಕಿತು. ಒಂದು ದಿನವಾದರೂ ಏನಾದರೂ ಕೇಳಿದ್ದರೆ, ಒಂದು ಮಾತಾದರೂ ಬೈದಿದ್ದರೆ, ಇವತ್ತು ಇಲ್ಲ ಅನ್ನಬಹುದಿತ್ತು.

"ಆಯ್ತಣ್ಣ" ಎಂದ.

ಮನೆಗೆ ಬಂದಾಗ ಪಂಚಾಯ್ತಿ ಉಪ್ಪಿಟ್ಟು ತಿಂದು ಮುಗಿಸಿ ಕಾಯುತ್ತಿತ್ತು. ಭೀಮರಾಜ ನಡುಮನೆಯಲ್ಲಿ ನಿಂತು, ಹೊಸಿಲ ಬಳಿ ಬಿದ್ದಿದ್ದ ಚಪ್ಪಲಿಗಳನ್ನು ನೋಡುತ್ತಾ, "ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ. ನಂಗೆ ನನ್ನ ಭಾಗ ಬೇಕು" ಎಂದ.

ಮುನಿರಾಮಯ್ಯ ಹೆಗಲ ಮೇಲಿನ ಟವೆಲಿನಿಂದ ಕಣ್ಣೊತ್ತಿಕೊಂಡ. ಭೀಮರಾಜ ಹತ್ತಿರದಿಂದಲೇ ನೋಡಿದ. ಕಣ್ಣೀರು ನಿಜವೇ ಆಗಿತ್ತು. ಅದೇ ಅವನಿಗೆ ತಡೆಯಲಾರದ ಸಂಗತಿಯಾಯಿತು. ವೆಂಕಟರಾಮಯ್ಯ ಎದ್ದು ಅಣ್ಣನ ಬೆನ್ನು ಸವರುತ್ತಾ "ಓಗ್ಲಿ ಬಿಡಿ, ನೀವು ಮಾಡಿದ ಧರ್ಮ ನಿಮ್ಮ ಮಕ್ಕಳನ್ನ ಕಾಯುತ್ತೆ" ಎಂದರು. ಅತ್ತಿಗೆ ಅಳುತ್ತಲೇ ಅಡುಗೆಮನೆಗೆ ಹೋಗಿ, ಯಾವ ಪಾತ್ರೆ ಯಾರದೆಂದು ಬೇರೆ ಮಾಡತೊಡಗಿದಳು.

ಚನ್ನಕ್ಕ ಭೀಮರಾಜನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಓದಿದೋರ ಬುದ್ಧೀನೇ ಇಷ್ಟು" ಎಂದಳು.

ಅಬ್ಬಿಗೆರೆಯಲ್ಲಿ ಅವನನ್ನು ಯಾರಾದರೂ ಓದಿದವನು ಎಂದು ಕರೆದದ್ದು ಅದೇ ಮೊದಲು.