ಹೊಟ್ಟೆನೋವಿಗೆ ಸಿಕ್ಕ ಮರ್ಯಾದೆ

ಮೆಡಿಟರೇನಿಯನ್ ಕಡಲ ದಡದ ಬುರ್ಜ್ ಹಮ್ಮೂದಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಗಾರ್ಬಿಸನ ಮಾತಿಗೆ ಬೀದಿಯಲ್ಲೆಲ್ಲ ಬೆಲೆಯಿತ್ತು. ಅವನ ಹೊಟ್ಟೆನೋವಿಗೆ ಮಾತ್ರ ಮನೆಯಲ್ಲಿ ಕವಡೆ ಕಾಸಿನ ಕಿಮ್ಮತ್ತಿರಲಿಲ್ಲ.

ತಪ್ಪು ಹೊಟ್ಟೆಯದೇ. ನೋವು ಹೇಳದೆ ಕೇಳದೆ ಬರುತ್ತಿತ್ತು. ಮೈ ಕೆಂಡವಾಗುತ್ತಿತ್ತು, ಗಾರ್ಬಿಸ್ ಸೀಗಡಿಯಂತೆ ಮುರುಟಿಕೊಂಡು ಸಂತರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದ. ಎರಡು ಮೂರು ದಿನ ಕಳೆದರೆ ಏನೂ ಆಗದವನಂತೆ ಎದ್ದು ಕೂತು, "ತಿನ್ನೋಕೆ ಏನಿದೆ?" ಎನ್ನುತ್ತಿದ್ದ. ಇಂಥ ಕಾಯಿಲೆಯನ್ನು ಯಾವ ಹೆಂಡತಿ ನಂಬುತ್ತಾಳೆ? (ಒಮ್ಮೆ ಡಾಕ್ಟರೊಬ್ಬರು ನಂಬಿ ಅಪೆಂಡಿಕ್ಸ್ ಕತ್ತರಿಸಿದ್ದರು. ಅದು ನಿರಪರಾಧಿಯೆಂದು ಆಮೇಲೆ ಗೊತ್ತಾಯಿತು.)

"ನಿನ್ನ ಹೊಟ್ಟೆ ಕ್ಯಾಲೆಂಡರ್ ನೋಡ್ಕೊಂಡು ನೋಯುತ್ತೆ ಕಣೋ," ಎನ್ನುತ್ತಿದ್ದಳು ಹೆಂಡತಿ ಸಿರ್ವಾರ್ತ್. "ನಮ್ಮಮ್ಮ ಬರ್ತಾಳೆ ಅಂದ್ರೆ ನೋವು. ರತ್ನಗಂಬಳಿ ತೊಳೀಬೇಕು ಅಂದ್ರೆ ನೋವು. ಕೆಫೆಯಲ್ಲಿ ದಾಳ ಉರುಳಿಸೋವಾಗ ಮಾತ್ರ ಗೂಳಿ ಥರ ಇರ್ತೀಯ!"

ಗಾರ್ಬಿಸನ ತಾಯಿ ಅಜ್ನೀವ್‌ಗೆ ಬೇರೆಯದೇ ಸಿದ್ಧಾಂತವಿತ್ತು. "ನಮ್ಮ ವಂಶದಲ್ಲಿ ಕಾಯಿಲೆ ಅನ್ನೋದೇ ಇಲ್ಲಮ್ಮ. ಎಲ್ಲಾ ನೀನು ಮಾಡೋ ದ್ರಾಕ್ಷಿ ಎಲೆ ಸುರುಳಿಯಿಂದ."

"ಚಿಕ್ಕ ಹುಡುಗನಾಗಿದ್ದಾಗಲೂ ಒದ್ದಾಡ್ತಿದ್ನಂತಲ್ಲ ಅತ್ತೆ? ಆಗ ನಾನು ಸುರುಳಿ ಸುತ್ತೋಕೆ ಬಂದಿದ್ನಾ?"

"ಆಗ ಅವನಿಗೆ ಗಾಳಿ ಸೋಕಿತ್ತು."

ಒಂದು ದಿನ ಸಿರ್ವಾರ್ತ್ ಬಯ್ಯುತ್ತಲೇ ಅವನ ಹಣೆ ಮುಟ್ಟಿದಳು. ಕೈ ಸುಟ್ಟಿತು. ಬೈಗುಳ ಅರ್ಧಕ್ಕೇ ನಿಂತಿತು. ಮೂವರೂ ಹೊಸ ಡಾಕ್ಟರ್ ಮಾರಲ್ ಬಳಿ ಹೋದರು. ಆಕೆ ಹೊಟ್ಟೆ ಒತ್ತಿ ನೋಡಿ, "ಅರ್ಮೇನಿಯನ್ನರಾ?" ಎಂದರು.

"ಹೊಟ್ಟೆಗೂ ಜಾತಿ ಇದೆಯಾ?" ಎಂದು ಗಾರ್ಬಿಸ್ ನರಳಿದ.

"ಈ ಹೊಟ್ಟೆಗೆ ಇದೆ."

ರಕ್ತ ಪರೀಕ್ಷೆಗೆ ಹೋಯಿತು, ಉತ್ತರ ಬಂತು. ಮೆಡಿಟರೇನಿಯನ್ ಕುಟುಂಬ ಜ್ವರ! ಮನೆಗೆ ಕಳ್ಳನೇ ನುಗ್ಗಿಲ್ಲ, ಆದರೂ ಕಾವಲುಗಾರರೆಲ್ಲ ಎದ್ದು ದೊಣ್ಣೆ ಹಿಡಿದು ಮನೆಯವರನ್ನೇ ಚಚ್ಚುತ್ತಾರೆ, ದೇಹದೊಳಗೆ ಆಗುವುದೂ ಅದೇ, ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಹುಟ್ಟಿನಿಂದಲೇ ಬಂದದ್ದಂತೆ, ಅರ್ಮೇನಿಯನ್ನರಲ್ಲಿ ಹೆಚ್ಚಂತೆ.

"ಇವರಪ್ಪನ ಕಡೆಯದು," ಎಂದು ಅಜ್ನೀವ್ ತಕ್ಷಣ ತೀರ್ಪು ಕೊಟ್ಟಳು.

"ಇಲ್ಲ ಅಜ್ಜಿ, ಇವರಿಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಕೆಟ್ಟ ಜೀನ್ ಬಂದಿದೆ."

ಸಿರ್ವಾರ್ತ್ ಸರಿಯಾಗಿ ಕೇಳಿಸಲಿಲ್ಲವೆಂದು ಆ ಮಾತನ್ನು ಇನ್ನೊಮ್ಮೆ ಹೇಳಿಸಿದಳು.

ಆದರೆ ಮುಂದಿನ ಮಾತಿಗೆ ಅವಳ ನಗು ಇಂಗಿತು. ದಿನಾ ತಪ್ಪದೆ ಮಾತ್ರೆ ನುಂಗಬೇಕು. ಹಾಗೇ ಬಿಟ್ಟರೆ ಮುಂದೆ ಮೂತ್ರಪಿಂಡವೇ ಕೆಟ್ಟೀತು. ಇಷ್ಟು ವರ್ಷ ಗೂಳಿ, ಕಳ್ಳ, ನಾಟಕದವನು ಎಂದೆಲ್ಲ ಬಯ್ದದ್ದು ನೆನಪಾಗಿ ಅವಳು ದಾರಿಯುದ್ದಕ್ಕೂ ಅತ್ತಳು.

ಅಲ್ಲಿಂದ ಗಾರ್ಬಿಸನ ರಾಮರಾಜ್ಯ ಶುರುವಾಯಿತು. ಇಡೀ ಮೆಡಿಟರೇನಿಯನ್ ಸಮುದ್ರವನ್ನು ತನ್ನ ಹೆಸರಿಗೆ ಬರೆದುಕೊಟ್ಟಂತೆ ಬೀಗಿದ. ಹಾಸಿಗೆಗೇ ಕೋಳಿ ಸಾರು ಬಂತು. ಗ್ಯಾಸ್ ಸಿಲಿಂಡರನ್ನು ಸಿರ್ವಾರ್ತಳೇ ಉರುಳಿಸಿದಳು. ಹೆಂಡತಿಯ ಅಮ್ಮ ಬಂದಾಗ ರೋಗಿಗೆ ವಿಶ್ರಾಂತಿ. ಒಂದೇ ತೊಂದರೆ: ಮಾತ್ರೆ ಕೆಲಸ ಮಾಡಿಬಿಟ್ಟಿತು. ನೋವು ಸುಳಿವಿಲ್ಲದಂತೆ ಮಾಯವಾಯಿತು. ಈ ಅಶುಭ ವಾರ್ತೆಯನ್ನು ಮನೆಯಲ್ಲಿ ಹೇಳುವ ಗೋಜಿಗೆ ಗಾರ್ಬಿಸ್ ಹೋಗಲಿಲ್ಲ.

ಈಸ್ಟರ್ ಹತ್ತಿರ ಬಂತು. ರತ್ನಗಂಬಳಿಗಳನ್ನೆಲ್ಲ ತಾರಸಿಗೆ ಹೊತ್ತು ತೊಳೆಯಬೇಕು. ಕರೆಂಟಿಲ್ಲ, ಲಿಫ್ಟಿಲ್ಲ. ಆ ಗಂಬಳಿಗಳಲ್ಲಿ ರತ್ನ ಎಲ್ಲಿತ್ತೋ ಯಾರೂ ಕಂಡಿಲ್ಲ, ಭಾರ ಮಾತ್ರ ಎಲ್ಲರಿಗೂ ಗೊತ್ತು. ಗಾರ್ಬಿಸ್ ಬೆಳಗಾಗುತ್ತಲೇ ಹೊಟ್ಟೆ ಹಿಡಿದು ಸೀಗಡಿಯಾದ.

ಸುಮ್ಮನೆ ಸಾರು ಕೊಟ್ಟು ಮಲಗಿಸುತ್ತಾಳೆ ಎಂದುಕೊಂಡಿದ್ದ. ಆದರೆ ಸಿರ್ವಾರ್ತ್ ಈಗ ನಂಬುವ ಹೆಂಡತಿ! "ಅಯ್ಯೋ, ಮಾತ್ರೆಗೂ ಬಗ್ಗಲಿಲ್ಲ! ನನ್ನ ಗಂಡನ ಮೂತ್ರಪಿಂಡ ಹೋಯ್ತು!" ಎಂದು ಮೆಟ್ಟಿಲಲ್ಲಿ ನಿಂತು ಕೂಗಿಕೊಂಡಳು. ಪಕ್ಕದ ಮನೆಯ ಓನ್ನಿಗ್ ಮತ್ತು ಖೋರೆನ್ ಓಡಿಬಂದರು.

"ಬೇಡ ಸಿರ್ವಾರ್ತ್, ಸ್ವಲ್ಪ ಮಲಗಿದ್ರೆ ಹೋಗುತ್ತೆ…"

"ಸುಮ್ನಿರು, ನನ್ನ ಪ್ರಾಣವೇ! ನೀನು ಸಹಿಸ್ಕೊಂಡಿದ್ದು ಸಾಕು!"

ಇಬ್ಬರೂ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಏದುಸಿರು ಬಿಡುತ್ತ, ಮೆಟ್ಟಿಲಿಳಿಸಿ ಸಾಗಿಸಿದರು. ಡಾಕ್ಟರ್ ಮಾರಲ್ ರಕ್ತ ತೆಗೆದರು. "ನೋವು ನಿಜವಾಗಿದ್ರೆ ಉರಿಯೂತ ರಕ್ತದಲ್ಲಿ ಕಂಡೇ ಕಾಣುತ್ತೆ. ಕಂಡ್ರೆ ದಿನಾ ಹೊಟ್ಟೆಗೆ ಸೂಜಿ ಚುಚ್ಚಬೇಕಾದೀತು," ಎಂದರು. ಗಾರ್ಬಿಸ್ ಹೊಟ್ಟೆಯಿಂದ ಕೈ ತೆಗೆದ. ಸುಳ್ಳಾದರೆ ಮಾನ ಹೋಗುತ್ತದೆ, ನಿಜವಾದರೆ ಸೂಜಿ.

ಉತ್ತರ ಬಂತು. ಡಾಕ್ಟರ್ ಅವನನ್ನೇ ನೋಡುತ್ತ ಹೇಳಿದರು: "ಅಭಿನಂದನೆ! ಇಂಥ ತಣ್ಣನೆ ರಕ್ತ ನಾನು ನೋಡೇ ಇಲ್ಲ. ಉರಿಯೂತದ ಸುಳಿವೂ ಇಲ್ಲ. ಜ್ವರಾನೂ ಇಲ್ಲ. ಎಂಥ ಭಾರ ಬೇಕಾದ್ರೂ ಎತ್ತಬಹುದು."

ಸಿರ್ವಾರ್ತ್ ಬಯ್ಯಲಿಲ್ಲ. ಅದೇ ಭಯಂಕರ. ಡಾಕ್ಟರನ್ನು ಅಪ್ಪಿಕೊಂಡು, ಮನೆಗೆ ಬಂದು, ಗಂಡ ಪೂರ್ತಿ ಗುಣವಾದ ಸಂತೋಷವನ್ನು ಬಾಲ್ಕನಿಯಿಂದ ಬೀದಿಗೆಲ್ಲ ಸಾರಿದಳು. ಓನ್ನಿಗ್ ಸೊಂಟ ನೀವಿಕೊಳ್ಳುತ್ತ ತನ್ನ ಮನೆಯ ಗಂಬಳಿಗಳನ್ನು ತಂದಿಟ್ಟ. ಖೋರೆನ್ ತನ್ನವನ್ನೂ, ತನ್ನ ತಂಗಿಯವನ್ನೂ ತಂದ.

ಮಧ್ಯಾಹ್ನದ ಹೊತ್ತಿಗೆ ತಾರಸಿಯಲ್ಲಿ ಗಾರ್ಬಿಸ್ ಬಗ್ಗಿದವನು ಬಗ್ಗಿದಂತೆಯೇ ನಿಂತುಬಿಟ್ಟ. "ಸಿರ್ವಾರ್ತ್! ದೇವರಾಣೆ, ಸೊಂಟ ಹಿಡ್ಕೊಂಡಿದೆ ಕಣೇ! ಇದು ನಿಜ!"

ಸಿರ್ವಾರ್ತ್ ಒದ್ದೆ ಕೈ ಒರೆಸಿಕೊಂಡು ಅಕ್ಕರೆಯಿಂದ ಹತ್ತಿರ ಬಂದಳು.

"ಹೌದಾ, ನನ್ನ ಪ್ರಾಣವೇ? ಓನ್ನಿಗ್‌ನ ಕರೀಲಾ? ರಕ್ತ ಕೊಟ್ಟು ಬರೋಣ್ವಾ?"

ಗಾರ್ಬಿಸ್ ಬಗ್ಗಿಕೊಂಡೇ ಬ್ರಷ್ ಕೈಗೆತ್ತಿಕೊಂಡ.